ಪ್ರತಿಕ್ರಿಯೆ: ಚೆರಿಗೂ ಪಾರ್ಚ್‌ಮೆಂಟ್ ಬೆಲೆಯೇ ಬರುವುದೇಕೆ?

ಚಿಕ್ಕಮಗಳೂರಿನ ಕಾಫಿ ಮಂಡಿಗೆ ಸ್ವಿಫ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ್ಯಪ್ ಬರೆಯುತ್ತಿರುವ ನಿಮ್ಮ ಪ್ರಶ್ನೆ ಇದು: 'ದಾಸ್ತಾನು' ಪ್ರೋಟೋಕಾಲ್‌ನ (ಟೈಪ್‌ಗಳು ಪಾಲಿಸಬೇಕಾದ ಮೆಥಡ್‌ಗಳ ಪಟ್ಟಿ) ಎಕ್ಸ್‌ಟೆನ್ಷನ್‌ನಲ್ಲಿ, ಅಂದರೆ ಅದಕ್ಕೆ ಹೊರಗಿನಿಂದ ಸೇರಿಸಿದ ಕೋಡ್‌ನಲ್ಲಿ, ಪಾರ್ಚ್‌ಮೆಂಟ್‌ಗೆ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಹೊಂದುವ, 50 ಕೆ.ಜಿ. ಮೂಟೆಯ ಲೆಕ್ಕದ 'ಬೆಲೆ' ಮೆಥಡ್ ಇದೆ. 'ಚೆರಿ' (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಸ್ಟ್ರಕ್ಟ್‌ನಲ್ಲಿ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ, ಹಿಡಿದು ಬೇರೆ 'ಬೆಲೆ' ಬರೆದಿದ್ದೀರಿ. ಆದರೂ ದಾಸ್ತಾನುಗಳ ಅರೇಯಲ್ಲಿ ಮೊದಲಿನದೇ ಓಡುತ್ತಿದೆ.

ನೀವು ಹಾಕಿರುವ ಕೋಡ್‌ನಲ್ಲಿ 'ಬೆಲೆ' ಪ್ರೋಟೋಕಾಲ್‌ನ ಒಳಗೆ ಘೋಷಣೆಯಾಗಿಲ್ಲ, ಎಕ್ಸ್‌ಟೆನ್ಷನ್‌ನಲ್ಲಿ ಮಾತ್ರ ಇದೆ. ಅಂಥ ಮೆಥಡ್‌ಗೆ ವಿಟ್ನೆಸ್ ಟೇಬಲ್‌ನಲ್ಲಿ (ಯಾವ ಟೈಪ್‌ಗೆ ಯಾವ ಮೆಥಡ್ ಓಡಬೇಕು ಎಂಬ ಪಟ್ಟಿ) ಜಾಗವಿಲ್ಲ. ಕಂಪೈಲರ್ ನೋಡುವುದು ವೇರಿಯಬಲ್‌ನ ಘೋಷಿತ ಟೈಪನ್ನು. ಅರೇಯ ಟೈಪ್ 'ದಾಸ್ತಾನು' ಆದ್ದರಿಂದ ಒಳಗಿರುವ ಚೆರಿ ಅದಕ್ಕೆ ಕಾಣುವುದೇ ಇಲ್ಲ. ಪ್ರೋಟೋಕಾಲ್‌ನೊಳಗೆ ಒಂದು ಸಾಲಿನ ಘೋಷಣೆ ಸೇರಿಸಿ, ಸರಿಹೋಗುತ್ತದೆ. ಕಂಪೈಲರ್ ಇಲ್ಲಿ ಎಚ್ಚರಿಕೆಯನ್ನೂ ಕೊಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಷರತ್ತಿನ ಎಕ್ಸ್‌ಟೆನ್ಷನ್, ಅಂದರೆ ಕೆಲವು ಟೈಪ್‌ಗಳಿಗಷ್ಟೇ ಅನ್ವಯಿಸುವ ಎಕ್ಸ್‌ಟೆನ್ಷನ್, ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಗುಂಡಿ ಇನ್ನೂ ಆಳ. 'ಮೂಟೆ' ಎಂಬ ಜೆನೆರಿಕ್ ಟೈಪ್ (ಒಳಗೆ ಯಾವ ಬಗೆಯ ಕಾಫಿಯನ್ನಾದರೂ ಇಡಬಹುದಾದದ್ದು) ಯಾವ ಷರತ್ತೂ ಇಲ್ಲದೆ 'ದಾಸ್ತಾನು' ಪ್ರೋಟೋಕಾಲನ್ನು ಪಾಲಿಸುತ್ತಿದ್ದರೆ, ಯಾವ 'ಬೆಲೆ' ಎಂಬುದು ಆ ಘೋಷಣೆಯಲ್ಲೇ ನಿಗದಿಯಾಗುತ್ತದೆ. ಆಮೇಲೆ 'ಒಳಗಿರುವುದು ಚೆರಿಯಾದರೆ' ಎಂಬ ವೇರ್ (where) ಷರತ್ತಿನೊಂದಿಗೆ ಇನ್ನೊಂದು 'ಬೆಲೆ' ಬರೆದರೂ, ಪ್ರೋಟೋಕಾಲ್ ಮೂಲಕ ಕರೆದಾಗ ಅದು ಓಡುವುದಿಲ್ಲ. ನೇರವಾಗಿ ಚೆರಿ ಮೂಟೆಯ ಮೇಲೆ ಕರೆದರೆ ಮಾತ್ರ ಓಡುತ್ತದೆ. ಹಾಗಾಗಿ ಷರತ್ತು ಬಿಡಿ. ಲೆಕ್ಕದ ವಿಧಾನವನ್ನೇ ಕಾಫಿಯ ಬಗೆಗಳಿಗೆ ಬೇರೊಂದು ಪ್ರೋಟೋಕಾಲ್‌ನ ಕಡ್ಡಾಯ ಮೆಥಡ್ ಮಾಡಿ, ಮೂಟೆ ಅದನ್ನು ಕರೆಯಲಿ.

ಕ್ಲಾಸ್ ಬಳಸುವುದಾದರೆ ಇನ್ನೊಂದು: ತಾಯಿ ಕ್ಲಾಸ್ ಎಕ್ಸ್‌ಟೆನ್ಷನ್‌ನ ಡೀಫಾಲ್ಟ್ 'ಬೆಲೆ'ಯನ್ನೇ ನೆಚ್ಚಿಕೊಂಡಿದ್ದರೆ, ಮಗಳು ಕ್ಲಾಸ್ ಬರೆದ 'ಬೆಲೆ' ಪ್ರೋಟೋಕಾಲ್‌ಗೆ ಸಿಗುವುದಿಲ್ಲ. ತಾಯಿಯಲ್ಲೂ ಬರೆದು, ಮಗಳಲ್ಲಿ ಓವರ್‌ರೈಡ್ ಮಾಡಿ.