ಪಂಪಿನ ನೀರು, ಮಡಿಸದ ನ್ಯಾಪ್‌ಕಿನ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 22, ಬಿ.ಕಾಂ. ಕೊನೆಯ ಸೆಮಿಸ್ಟರ್. ಎಳವೆಯಲ್ಲೇ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಆತ್ಮಕಥೆ ಓದಿದ ಮೇಲೆ ಸಿ.ಎ. ಕೋಚಿಂಗ್ ಬಿಟ್ಟು, ಮಾತು ಬಾರದ ಮಕ್ಕಳಿಗೆ ಕಲಿಸುತ್ತೇನೆಂದು ಹಟ ಹಿಡಿದಿದ್ದಾಳೆ. ಜೊತೆಗೆ ಬಂದ ತಂದೆಯದು ಒಂದೇ ಪ್ರಶ್ನೆ: "ಪುಸ್ತಕ ಓದಿ ಯಾರಾದ್ರೂ ಕೆಲಸ ಆರಿಸ್ಕೋತಾರಾ ಮೇಡಂ?"

ಆರಿಸಿಕೊಳ್ಳುತ್ತಾರೆ. ಯಾವ ಪುಟ ನೋಡಿ ಆರಿಸಿಕೊಂಡರು ಅನ್ನುವುದು ಮುಖ್ಯ. ಈಕೆ ಮಡಿಸಿಟ್ಟಿದ್ದು ಎಲ್ಲರೂ ಮಡಿಸುವ ಪುಟವನ್ನೇ: 1887ರ ಏಪ್ರಿಲ್, ಒಂದು ಕೈ ಮೇಲೆ ಪಂಪಿನ ನೀರು, ಇನ್ನೊಂದು ಅಂಗೈಯಲ್ಲಿ ಶಿಕ್ಷಕಿ ಆನ್ ಸಲಿವನ್ ಬೆರಳ ಸಂಕೇತದಲ್ಲಿ ಮೂಡಿಸಿದ 'ನೀರು' ಎಂಬ ಪದ, ವಸ್ತುವಿಗೊಂದು ಹೆಸರಿದೆ ಎಂದು ಹುಡುಗಿಗೆ ಹೊಳೆದ ಗಳಿಗೆ. ಅದು ಮಗುವಿನ ನೆನಪು. ಶಿಕ್ಷಕಿಯ ದುಡಿಮೆ ತಿಳಿಯಬೇಕಾದರೆ 1903ರ ಮೂಲ ಪುಸ್ತಕದ ಕೊನೆಯ ಭಾಗದಲ್ಲಿರುವ ಆನ್ ಸಲಿವನ್ ಪತ್ರಗಳನ್ನು ಓದಬೇಕು (ಎಷ್ಟೋ ಸಂಕ್ಷಿಪ್ತ ಆವೃತ್ತಿಗಳಲ್ಲಿ ಅವು ಇರುವುದೇ ಇಲ್ಲ). ಎಲ್ಲರ ತಟ್ಟೆಗೂ ಕೈ ಹಾಕುವ ಹುಡುಗಿ, ಊಟದ ಕೋಣೆಗೆ ಬೀಗ ಹಾಕಿಕೊಂಡು ನಡೆದ ಜಗ್ಗಾಟ, ಆಮೇಲೆ ನ್ಯಾಪ್‌ಕಿನ್ ಮಡಿಸುವುದಕ್ಕೇ ಮತ್ತೊಂದು ಗಂಟೆ. ಅದನ್ನು ಓದಿ ಬಂದವಳು "ಬೇಜಾರಾಯ್ತು" ಅಂದಳು. ಒಳ್ಳೆಯ ಲಕ್ಷಣ, ಇದನ್ನೂ "ಅದ್ಭುತ" ಅಂದಿದ್ದರೆ ಚಿಂತಿಸಬೇಕಿತ್ತು.

ಮುಂದಿನ ಸಲಹೆ: ಆರು ವಾರ, ವಾರಕ್ಕೆ ಎರಡು ಬೆಳಿಗ್ಗೆ, ಒಂದೇ ವಿಶೇಷ ಶಾಲೆಯ ಒಂದೇ ತರಗತಿಯಲ್ಲಿ ಸ್ವಯಂಸೇವೆ. ಫೋಟೊ ತೆಗೆಯುವಂತಿಲ್ಲ, ಮಗುವಿನ ಜೊತೆ ಒಬ್ಬಳೇ ಇರುವಂತಿಲ್ಲ. ಯಾವತ್ತು ಬಿಟ್ಟುಹೋಗುತ್ತಾಳೆಂದು ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ಮೊದಲೇ ತೋರಿಸಬೇಕು; ಹೇಳದೆ ಮಾಯವಾಗುವ ಸ್ವಯಂಸೇವಕರಿಂದ ಮಕ್ಕಳಿಗೆ ಆಗುವ ಪೆಟ್ಟು ಸಣ್ಣದಲ್ಲ. ದಿನಚರಿ ಕಡ್ಡಾಯ. ಮೊದಲ ದಿನ "ಮನಸ್ಸು ತುಂಬಿ ಬಂತು" ಎಂದು ಬರೆದಿದ್ದಳು. ಹೊಡೆದು ಹಾಕಿಸಿ, ಕಂಡದ್ದನ್ನಷ್ಟೇ ಬರೆಯಲು ಹೇಳಿದೆವು. ಎರಡನೇ ವಾರ ಒಬ್ಬ ಹುಡುಗನ ಬಗ್ಗೆ ಬರೆದ ಸಾಲು: "ಚಮಚ ಕೊಟ್ಟ ಹತ್ತು ಸಲದಲ್ಲಿ ಮೂರು ಸಲ ತಾನೇ ಬಾಯಿಗೊಯ್ದ." ಮೂರನೇ ವಾರ ಅವನಿಗೆ ಜ್ವರ ಬಂತು, ವಾಪಸ್ಸು ಬಂದಾಗ ಹತ್ತಕ್ಕೆ ಸೊನ್ನೆ. ಅವತ್ತು ರಾತ್ರಿ ಫೋನ್: "ನನ್ನಿಂದಾಗಲ್ಲ ಮೇಡಂ." ಇಂಥ ಹಿಂಜರಿತ ಮಾಮೂಲು, ಅದಕ್ಕೆ ಅವಳು ಕಾರಣಳಲ್ಲ, ಆರು ವಾರ ತುಂಬುವ ತನಕ ತೀರ್ಮಾನ ಬೇಡ ಅಂದೆವು. ಐದನೇ ವಾರ ಹತ್ತಕ್ಕೆ ನಾಲ್ಕು. ಉಳಿದಳು.

ಕೋರ್ಸಿನ ವಿಷಯ. ವಾಕ್ ಮತ್ತು ಶ್ರವಣ ಚಿಕಿತ್ಸೆಯ ಪದವಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಬೇಕು, ಇವಳದು ಕಾಮರ್ಸ್. ಆ ಬಾಗಿಲು ಮುಚ್ಚಿದೆ. ವಿಶೇಷ ಶಿಕ್ಷಣದ ಬಿ.ಎಡ್. ಎರಡು ವರ್ಷದ್ದು, ಪದವಿಯಲ್ಲಿ ಶೇ. 50 ಅಂಕ ಸಾಕು. ಮುಗಿದ ಮೇಲೆ, ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್.ಸಿ.ಐ.) ನೋಂದಣಿ ಬೇಕೇ ಬೇಕು. ಅದಿಲ್ಲದೆ ವೃತ್ತಿ ನಡೆಸುವುದು 1992ರ ಕಾಯ್ದೆ ಪ್ರಕಾರ ಅಪರಾಧ. ಮೋಸ ಹೋಗುವುದು ಇಲ್ಲೇ. ಮೂರು ತಿಂಗಳ "ಥೆರಪಿ ಸರ್ಟಿಫಿಕೇಟ್"ಗೆ ದುಡ್ಡು ಸುರಿದವರಿಗೆ ನೋಂದಣಿ ಸಿಗುವುದಿಲ್ಲ. ಹಾಗಾಗಿ ಶುಲ್ಕ ಕಟ್ಟುವ ಮೊದಲು, ಆ ಕಾಲೇಜಿನ ಆ ಕೋರ್ಸಿಗೆ ಈ ವರ್ಷದ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲೇ ನೋಡಬೇಕು.

ಆ ಕೆಲಸವನ್ನು ತಂದೆಗೇ ಒಪ್ಪಿಸಿದೆವು. ಕೊನೆಯ ಭೇಟಿಗೆ ಅವರು ನಾಲ್ಕು ಕಾಲೇಜುಗಳ ಪಟ್ಟಿ ತಂದಿದ್ದರು, ಎರಡಕ್ಕೆ ಕೆಂಪು ಪೆನ್ನಲ್ಲಿ ಅಡ್ಡಗೆರೆ.