ಅವ್ವನಿಗೆ ಹೇಳದೆ ಉಳಿದ ಹೆಸರು

ಪ್ರಶ್ನೆ: ನನ್ನ ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನೀರುಗಂಟಿಯಾಗಿದ್ದ ಅಪ್ಪ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡು ಹನ್ನೊಂದು ತಿಂಗಳಾಯಿತು. ರೋಗ ಗೊತ್ತಾದ ದಿನವೇ ದೊಡ್ಡಪ್ಪ ಮತ್ತು ಅಣ್ಣ ಸೇರಿ, ಅಪ್ಪನಿಗಾಗಲಿ ಅವ್ವನಿಗಾಗಲಿ ಅದರ ಹೆಸರು ಹೇಳಕೂಡದೆಂದು ತೀರ್ಮಾನಿಸಿದರು. ಮೈಸೂರಿನ ಆಸ್ಪತ್ರೆಗೆ ಅಣ್ಣನೇ ಓಡಾಡಿದ, ಅವ್ವ ದನಕರು ಬಿಟ್ಟು ಬರಲಾಗಲಿಲ್ಲ. ಇಬ್ಬರಿಗೂ ಹೊಟ್ಟೆಹುಣ್ಣು ಎಂದೇ ಹೇಳಿದೆವು. ಒಂದು ದಿನ ಅಪ್ಪ ನನ್ನನ್ನು ಹತ್ತಿರ ಕರೆದು, ‘ಡಾಕ್ಟ್ರು ಏನಂದ್ರವ್ವ?’ ಎಂದು ಕೇಳಿದರು. ನಾನೂ ಅದನ್ನೇ ಹೇಳಿದೆ. ‘ಸರಿ ಬುಡವ್ವ’ ಎಂದವರು ಮತ್ತೆ ಕೇಳಲಿಲ್ಲ. ಈಗ ಅವ್ವ, ತಾನು ಅರೆದ ಖಾರವೇ ಅಪ್ಪನ ಹೊಟ್ಟೆಯನ್ನು ಸುಟ್ಟಿತೆಂದು ಕೊರಗುತ್ತಿದ್ದಾಳೆ. ಅಪ್ಪನಿಗೆ ಪ್ರಾಣವಾಗಿದ್ದ ಉಪ್ಸಾರನ್ನು ಮಾಡುವುದೇ ಬಿಟ್ಟಿದ್ದಾಳೆ. ವರ್ಷದ ತಿಥಿಗೆ ಇನ್ನು ಇಪ್ಪತ್ತು ದಿನ ಇದೆ. ‘ಹೋದೋರು ಹೋದ್ರು, ಈಗ ಹೇಳಿ ಯಾಕೆ ನೋಯಿಸೋದು’ ಎನ್ನುತ್ತಾನೆ ಅಣ್ಣ. ಹೇಳಲೇ, ಬಿಡಲೇ?

ಉತ್ತರ: ಸೋದರಿ, ಹೇಳಿ. ತಿಥಿಗೆ ಮೊದಲೇ ಹೇಳಿ.

ನಿಮ್ಮ ಅಣ್ಣ ಮತ್ತು ದೊಡ್ಡಪ್ಪ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದವರಲ್ಲ. ನಮ್ಮ ಕಡೆ ‘ಆ ಕಾಯಿಲೆ’, ‘ಕೆಟ್ಟ ಕಾಯಿಲೆ’ ಎಂದು ದನಿ ತಗ್ಗಿಸಿ ಹೇಳುವವರೇ ಹೆಚ್ಚು. ಹೆಸರು ಕೇಳಿದರೆ ರೋಗಿ ಎದೆಗುಂದಿ ಬೇಗ ಹೋಗಿಬಿಡುತ್ತಾನೆಂಬ ಭಯ ಎಷ್ಟೋ ಮನೆಗಳಲ್ಲಿ ಇದೇ ತೀರ್ಮಾನ ಮಾಡಿಸಿದೆ. ಆದರೆ ನಿಮ್ಮ ತಂದೆಯವರನ್ನು ಕಾಪಾಡಲೆಂದು ಹೇಳಿದ ಆ ಮಾತು ಅವರು ಹೋದ ಮೇಲೂ ನಿಮ್ಮ ಮನೆಯಲ್ಲಿ ಉಳಿದುಕೊಂಡು, ಈಗ ನಿಮ್ಮ ತಾಯಿಯ ಮೇಲೆ ಆರೋಪವಾಗಿ ಕುಳಿತಿದೆ. ಹೇಳಿದರೆ ಅವರಿಗೆ ನೋವಾಗುತ್ತದೆಂಬುದು ನಿಜ. ಹೇಳದೆ ಇರುವುದರಿಂದ ಅವರು ದಿನವೂ ನೋಯುತ್ತಿದ್ದಾರಲ್ಲ, ಅದನ್ನು ನಿಮ್ಮ ಅಣ್ಣ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅವರಿಗೆ ಹೇಳಬೇಕಾದ ಸಂಗತಿಗಳನ್ನು ಮೊದಲು ನೀವು ಸರಿಯಾಗಿ ತಿಳಿದುಕೊಳ್ಳಿ. ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರವಾಗಿ ಅಡಗಿರುವ ಅಂಗ. ಅಲ್ಲಿ ಗೆಡ್ಡೆ ಬೆಳೆದರೆ ಹೊರಗಿನಿಂದ ಕೈಗೆ ಸಿಗುವುದು ಅಪರೂಪ; ಹಸಿವು ತಗ್ಗುವುದು, ಬೆನ್ನು ನೋಯುವುದು, ಮೈ ಇಳಿಯುವುದು ಮುಂತಾದ, ವಯಸ್ಸಿಗೋ ದುಡಿಮೆಗೋ ಹೊಂದಿಸಿ ಮರೆತುಬಿಡುವಂಥ ಲಕ್ಷಣಗಳೇ ಮೊದಲು ಕಾಣಿಸುತ್ತವೆ. ಕಾಮಾಲೆಯಾಗಿ ಕಣ್ಣು ಹಳದಿಯಾದ ಮೇಲೆಯೇ ಆಸ್ಪತ್ರೆಗೆ ಹೋಗುವವರು ಬಹಳ. ಹೀಗಾಗಿ, ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಬಹುದಾದ ಹಂತದಲ್ಲಿ ಇರುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ. ಈ ಕಾಯಿಲೆಗೂ ಮೆಣಸಿನಕಾಯಿಗೂ ಸಂಬಂಧವಿಲ್ಲ.

ಇನ್ನೂ ಒಂದು ಮಾತಿದೆ, ಅದನ್ನು ನಿಮ್ಮ ತಾಯಿಯವರಿಗೆ ಒತ್ತಿ ಹೇಳಿ. ಒಂದು ವೇಳೆ ಅದು ನಿಜವಾಗಿಯೂ ಹೊಟ್ಟೆಹುಣ್ಣೇ ಆಗಿದ್ದರೂ, ಅವರ ಖಾರ ಅದಕ್ಕೆ ಕಾರಣವಾಗುತ್ತಿರಲಿಲ್ಲ. ಖಾರ ತಿಂದರೆ ಹುಣ್ಣಾಗುತ್ತದೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವೇ ಹೆಚ್ಚಿನ ಹುಣ್ಣುಗಳಿಗೆ ಮೂಲವೆಂದು ತೋರಿಸಿಕೊಟ್ಟರು. ಅದಕ್ಕಾಗಿ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೋವಿನ ಮಾತ್ರೆಗಳನ್ನು ಬಹಳ ದಿನ ನುಂಗುವುದು ಮತ್ತೊಂದು ದೊಡ್ಡ ಕಾರಣ. ಇರುವ ಹುಣ್ಣಿಗೆ ಖಾರ ಉರಿ ತರಬಹುದು, ಹುಣ್ಣನ್ನು ಹುಟ್ಟಿಸುವುದಿಲ್ಲ.

ಹೇಳುವಾಗ ಅಣ್ಣ ಜೊತೆಯಲ್ಲಿರಲಿ. ನೀವೊಬ್ಬರೇ ಹೇಳಿದರೆ, ಮಗ ತನ್ನಿಂದ ಇನ್ನೂ ಏನನ್ನೋ ಮುಚ್ಚಿಡುತ್ತಿದ್ದಾನೆಂಬ ಅನುಮಾನ ಅವರಿಗೆ ಉಳಿಯುತ್ತದೆ. ನೆಂಟರು ಬಂದು ಸೇರಿದ ಹೊತ್ತು ಬೇಡ. ದನಗಳಿಗೆ ಮೇವು ಹಾಕಿ ಅವರು ಜಗಲಿಯ ಮೇಲೆ ಕುಳಿತ ಯಾವುದಾದರೂ ಮಧ್ಯಾಹ್ನ ಸಾಕು. ಆಸ್ಪತ್ರೆಯ ಫೈಲನ್ನು ತೆಗೆದುಕೊಂಡು ಹೋಗಿ. ಅವರಿಗೆ ಓದಲು ಬಾರದಿದ್ದರೂ ಅದು ಅವರ ಕೈಗೆ ಹೋಗಬೇಕು. ‘ಕ್ಯಾನ್ಸರ್’ ಎಂಬ ಪದವನ್ನೇ ಬಳಸಿ, ಸುತ್ತಿ ಬಳಸಿ ಹೇಳಬೇಡಿ. ಅವರು ಸಿಟ್ಟಾಗಬಹುದು: ಗೊತ್ತಿದ್ದರೆ ಆ ಕೊನೆಯ ತಿಂಗಳುಗಳಲ್ಲಿ ಗಂಡನೊಡನೆ ಆಡಬಹುದಾಗಿದ್ದ ಮಾತುಗಳನ್ನು ನೀವು ಅವರಿಂದ ಕಿತ್ತುಕೊಂಡಿರಿ ಎಂದು ಅನ್ನಬಹುದು. ಅನ್ನಲಿ. ಆ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಸಮಜಾಯಿಷಿ ಕೊಡಬೇಡಿ. ತಪ್ಪಾಯಿತು ಎಂದಷ್ಟೇ ಹೇಳಿ ಪಕ್ಕದಲ್ಲೇ ಕುಳಿತಿರಿ.

ಆಮೇಲೆ ಅವರು, ‘ಅವರಿಗೆ ಗೊತ್ತಿತ್ತಾ?’ ಎಂದು ಕೇಳಿಯೇ ಕೇಳುತ್ತಾರೆ. ಇದು ನಿಮ್ಮನ್ನೂ ಕಾಡುತ್ತಿರುವ ಪ್ರಶ್ನೆಯೆಂದು ನನಗೆ ಅನ್ನಿಸಿತು. ಪತ್ರದ ಕೊನೆಯಲ್ಲಿ, ಅಪ್ಪನ ಒಳ್ಳೆಯತನವನ್ನು ನೆನೆಯುತ್ತಾ ನೀವು ಬೇರೆ ಎರಡು ವಿಷಯ ಬರೆದಿದ್ದೀರಿ. ಅವರು ರಾತ್ರಿ ಪಾಳಿಯಲ್ಲಿ ತೂಬಿನ ಬಳಿಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ, ಬೇರೆ ಯಾರಿಗೂ ಮುಟ್ಟಗೊಡದ ಬ್ಯಾಟರಿಯನ್ನು ನಿಮ್ಮ ಮಗನ ಕೈಗೆ ಕೊಟ್ಟು, ಹೊಸ ಸೆಲ್ ಹಾಕಿಸಿ, ಹೊತ್ತಿಸುವುದನ್ನು ಕಲಿಸಿದರು. ಆಲೆಮನೆಯವರೊಡನೆ ಎರಡು ವರ್ಷದಿಂದ ಉಳಿದಿದ್ದ ಕಬ್ಬಿನ ಬಾಕಿಯ ಲೆಕ್ಕವನ್ನು ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ತೀರಿಸಿದರು. ಎರಡೂ ನಡೆದದ್ದು ‘ಸರಿ ಬುಡವ್ವ’ ಎಂದ ಒಂದು ವಾರದೊಳಗೆ. ನಾನು ಅವರ ಮನಸ್ಸನ್ನು ಹೊಕ್ಕು ನೋಡಿದವನಲ್ಲ. ಆದರೂ, ನಾಲೆಯಲ್ಲಿ ನೀರು ಎಷ್ಟಿದೆ, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂದು ಜೀವಮಾನವೆಲ್ಲ ಲೆಕ್ಕ ಹಾಕಿದ ಮನುಷ್ಯ, ತನ್ನಲ್ಲಿ ಉಳಿದದ್ದು ಎಷ್ಟೆಂದು ತಿಳಿಯದೆ ಈ ಕೆಲಸಗಳನ್ನು ಮಾಡಿದರೆಂದು ನಾನು ನಂಬಲಾರೆ. ಆ ದಿನ ನಿಮ್ಮ ಮುಖ ನೋಡಿ ಅವರು ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟದ್ದು ನಿಮಗಾಗಿ ಇರಬಹುದು. ನಿಮ್ಮ ತಾಯಿಯವರಿಗೆ ಈ ಬ್ಯಾಟರಿಯ ಸಂಗತಿ ಗೊತ್ತಿಲ್ಲದಿದ್ದರೆ, ಅದನ್ನೂ ಹೇಳಿ.

ಹೇಳಿದ ಮೇಲೆ ಕೆಲವು ದಿನ ಅವರ ಊಟ, ನಿದ್ದೆ ಗಮನಿಸುತ್ತಿರಿ. ದುಃಖ ಇಳಿಯದೆ ಅವರು ಹಾಸಿಗೆ ಹಿಡಿದಂತೆ ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ.

ಇನ್ನು ತಿಥಿಯ ಮಾತು. ನಿಮ್ಮ ಸೀಮೆಯಲ್ಲಿ ಹೋದವರಿಗೆ ಪ್ರಿಯವಾಗಿದ್ದನ್ನೆಲ್ಲ ಎಡೆಗೆ ಇಡುತ್ತಾರೆ. ಎಲೆಯಡಿಕೆ ಇಡುವವರಿದ್ದಾರೆ, ಬೀಡಿ ಕಟ್ಟು ಇಡುವವರೂ ಇದ್ದಾರೆ. ಉಪ್ಸಾರಿಲ್ಲದ ಎಡೆ ನಿಮ್ಮ ತಂದೆಯವರ ಎಡೆಯಾಗದು. ಆದರೆ ಆ ಖಾರವನ್ನು ನೀವಾಗಲಿ ಅತ್ತಿಗೆಯಾಗಲಿ ಅರೆಯಬೇಡಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣನ್ನು ಒರಳಿನ ಪಕ್ಕ ಇಟ್ಟು, ‘ಅಪ್ಪನಿಗೆ ನಿನ್ನ ಕೈದೇ ಆಗಬೇಕು ಕಣವ್ವ’ ಎಂದು ಹೇಳಿ ಸುಮ್ಮನಿರಿ. ಈ ಸಲ ಅವರ ಕೈ ಏಳದಿದ್ದರೆ ಬರಿಯ ಮುದ್ದೆಯನ್ನು ಇಟ್ಟು ಪೂಜೆ ಮುಗಿಸಿ. ಮಹಾಲಯ ಅಮಾವಾಸ್ಯೆಗೆ ಹೇಗೂ ಮತ್ತೆ ಎಡೆ ಇಡುತ್ತೀರಿ, ಆಗ ಮತ್ತೊಮ್ಮೆ ಕೇಳಿ.