ಮೊಟ್ಟೆ ಚಾಕೊಲೇಟಿನ ಸಕ್ಕರೆ ಬಿಡಿ, ಅಳತೆ ನೋಡಿ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಮುಗಿಯುತ್ತಾ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ ಆಗಿಬಿಡುತ್ತವೆ. ಚಾಕೊಲೇಟ್ ಕೊಡಬಹುದಾ, ಎಷ್ಟು ಕೊಡಬಹುದು, ಹುಳು ಆಗುತ್ತದಾ. ಮಂಗಳೂರಿನಲ್ಲಿ ಮಕ್ಕಳ ಡಾಕ್ಟರಾಗಿ ಪ್ರತಿ ಈಸ್ಟರ್‌ಗೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಸಲ ಒಬ್ಬರು ಅರ್ಧ ಕೇಳಿದ್ದಾರೆ. ಜಾಗದ ಬಹುಪಾಲು ಅವರಿಗೇ ಹೋಗುತ್ತದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಸಿಹಿ ಜಾಸ್ತಿ ತಿಂದರೆ ಹೊಟ್ಟೆಹುಳು ಆಗುತ್ತದೆ ಅಂತ ನಮ್ಮಮ್ಮ ಹೇಳುತ್ತಾರೆ. ಹೌದಾ?

ಇಲ್ಲ. ಹುಳು ಬರುವುದು ಹುಳುವಿನ ಮೊಟ್ಟೆಯಿಂದ, ಚಾಕೊಲೇಟ್ ಮೊಟ್ಟೆಯಿಂದಲ್ಲ. ಕೈ ತೊಳೆಸಿ, ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುವ ದಿನ ತಪ್ಪಿಸಬೇಡಿ.

ಡಾಕ್ಟ್ರೇ, ಮಗಳಿಗೆ ಎರಡೂವರೆ ವರ್ಷ. ಈಸ್ಟರ್‌ಗೆ ಒಂದು ಪುಟ್ಟ ಬುಟ್ಟಿ ಮಾಡಿ ಕೊಡುವ ಆಸೆ. ಅತ್ತೆ ಗೇರುಬೀಜದ ಮಾರ್ಜಿಪಾನ್ ಮಾಡುತ್ತಾರೆ. ನಮ್ಮವರು ಬಿಚ್ಚಿ ಮುಚ್ಚುವ ಪ್ಲಾಸ್ಟಿಕ್ ಮೊಟ್ಟೆ ತರಿಸಿದ್ದಾರೆ. ಅದರೊಳಗೆ ಹಾಕಲು ಬಣ್ಣದ ಪುಟ್ಟ ಚಾಕೊಲೇಟ್ ಮೊಟ್ಟೆ, ಕಪ್ ಜೆಲ್ಲಿ, ಲೈಟ್ ಬರುವ ಉಂಗುರ ಎಲ್ಲ ಇವೆ. ಸಕ್ಕರೆ ಜಾಸ್ತಿ ಆಗುತ್ತದೇನೋ ಅಂತ ನನಗೆ ಭಯ. ಏನೇನು ಹಾಕಲಿ?

ಸಕ್ಕರೆಯ ಭಯ ಸ್ವಲ್ಪ ಪಕ್ಕಕ್ಕಿಡಿ. ಸಕ್ಕರೆ ಹಲ್ಲು ಹಾಳು ಮಾಡಲು ವರ್ಷ ಬೇಕು. ನಿಮ್ಮ ಪಟ್ಟಿಯಲ್ಲಿರುವ ಮೂರು ವಸ್ತುಗಳಿಗೆ ಅಷ್ಟೆಲ್ಲ ಸಮಯ ಬೇಡ.

ಮೊದಲು ಆ ಉಂಗುರ. ಲೈಟ್ ಬರುತ್ತದೆ ಅಂದರೆ ಒಳಗೆ ಬಟನ್ ಸೆಲ್ ಇದೆ. ಅಗ್ಗದ ಆಟಿಕೆಗಳಲ್ಲಿ ಅದರ ಮುಚ್ಚಳಕ್ಕೆ ಸ್ಕ್ರೂ ಕೂಡ ಇರುವುದಿಲ್ಲ, ಉಗುರಿನಲ್ಲಿ ಎಬ್ಬಿದರೆ ಸೆಲ್ ಆಚೆ ಬರುತ್ತದೆ. ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗುತ್ತದೆ. 20 ಮಿ.ಮೀ. ಅಗಲದ ಲಿಥಿಯಂ ಸೆಲ್ ಎಲ್ಲಕ್ಕಿಂತ ಕೆಟ್ಟದ್ದು. 'ಬಾಳೆಹಣ್ಣು ತಿನ್ನಿಸಿ, ನಾಳೆ ಕಕ್ಕದಲ್ಲಿ ಹೋಗುತ್ತದೆ' ಅನ್ನುವ ಮಹಾನುಭಾವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಒಂದು ವರ್ಷ ದಾಟಿದ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಸುಡುವುದು ಸ್ವಲ್ಪ ನಿಧಾನವಾಗುತ್ತದೆ. ಆದರೆ ಜೇನು ಹುಡುಕುತ್ತಾ ಅಡುಗೆಮನೆಯಲ್ಲಿ ನಿಂತುಬಿಡಬೇಡಿ. ಹಾಡು ಹೇಳುವ ಗ್ರೀಟಿಂಗ್ ಕಾರ್ಡ್‌ನಲ್ಲೂ ಇದೇ ಸೆಲ್ ಇರುತ್ತದೆ, ಗೊತ್ತಿರಲಿ.

ಆಮೇಲೆ ಕಪ್ ಜೆಲ್ಲಿ. ಬಾಯಿಗಿಟ್ಟು ಹೀರಿದರೆ ಪಟಕ್ಕನೆ ಗಂಟಲಿಗೆ ಹೋಗಿ ಮೆತ್ತಿಕೊಳ್ಳುತ್ತದೆ, ಕೆಮ್ಮಿದರೂ ಸಡಿಲ ಆಗುವುದಿಲ್ಲ. ಕೊಂಜಾಕ್ ಅನ್ನುವ ಗೆಡ್ಡೆಯ ಅಂಟು ಹಾಕಿದ ಕಪ್ ಜೆಲ್ಲಿಯನ್ನು ಯುರೋಪಿನಲ್ಲಿ ಮಾರುವಂತೆಯೇ ಇಲ್ಲ. ನಮ್ಮಲ್ಲಿ ಇಂಥ ಕಪ್ ಜೆಲ್ಲಿ ಬೀದಿ ಅಂಗಡಿಯಲ್ಲೂ ಸಿಗುತ್ತದೆ. ಕಸದ ಬುಟ್ಟಿಗೆ ಹಾಕಿ.

ಮೂರನೆಯದು ಆ ಬಣ್ಣದ ಗಟ್ಟಿ ಮೊಟ್ಟೆಗಳು. ಮಗಳ ಕಿರುಬೆರಳು ನೋಡಿ. ಅವಳ ಶ್ವಾಸನಾಳ ಹೆಚ್ಚುಕಡಿಮೆ ಅಷ್ಟೇ ದಪ್ಪ. ದುಂಡಗೆ, ನುಣ್ಣಗೆ, ಗಟ್ಟಿಯಾಗಿರುವ ಏನೇ ಆಗಲಿ, ಎರಡೂವರೆ ವರ್ಷದ ಮಗು ನಗುತ್ತಾ ಓಡುತ್ತಾ ತಿಂದರೆ ಒಳಗೆಳೆದುಕೊಳ್ಳಬಹುದು. ಬಚ್ಚಿಟ್ಟ ಮೊಟ್ಟೆ ಹುಡುಕುವ ಎಗ್ ಹಂಟ್ ಅಂದರೆ ಓಡುತ್ತಾ ತಿನ್ನುವ ಆಟವೇ ಅಲ್ವಾ! ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ 3.17 ಸೆಂ.ಮೀ. ಅಗಲದ ಒಂದು ಕೊಳವೆ ಇರುತ್ತದೆ, ಅದರೊಳಗೆ ಪೂರ್ತಿ ಕೂರುವ ವಸ್ತು 3 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಮನೆಯಲ್ಲಿ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಸಾಕು. ತೂರಿ ಕೆಳಗೆ ಬಿದ್ದರೆ ಅದು ಮಗುವಿಗೆ ಬೇಡ.

ಹಾಗಾದರೆ ಏನು ಹಾಕಬೇಕು? ಒಂದೇ ಒಂದು ಟೊಳ್ಳು ಚಾಕೊಲೇಟ್ ಮೊಟ್ಟೆ. ತೆಳು ಚಿಪ್ಪಿನದ್ದು, ಬೀಜ ಹಾಕದ್ದು. ಅದನ್ನು ನೀವೇ ಕೈಯಲ್ಲಿ ಮುರಿದು ಕೊಡಿ, ಚಪ್ಪಟೆ ಚೂರು ಬಾಯಲ್ಲಿ ಕರಗುತ್ತದೆ. ಊಟ ಆದಮೇಲೆ ಕೊಡಿ, ಒಂದೇ ಸಲ ಕೊಟ್ಟು ಮುಗಿಸಿ. ಇಡೀ ದಿನ ಚೂರು ಚೂರು ಕೊಡುತ್ತಾ ಇದ್ದರೆ ಹಲ್ಲಿಗೆ ಅದೇ ಕೆಟ್ಟದ್ದು. ಜೊತೆಗೆ ಒಂದು ರಟ್ಟಿನ ಪುಟದ ಚಿತ್ರಪುಸ್ತಕ, ಹಿಡಿಯಲು ಬರುವ ದಪ್ಪ ಕ್ರೇಯಾನ್ ನಾಲ್ಕು, ಮುಷ್ಟಿಗಿಂತ ದೊಡ್ಡ ಚೆಂಡು. ಈರುಳ್ಳಿ ಸಿಪ್ಪೆ ಹಾಕಿ ಬೇಯಿಸಿದರೆ ಮೊಟ್ಟೆ ಕೆಂಗಂದು ಬಣ್ಣಕ್ಕೆ ಬರುತ್ತದೆ, ಬೀಟ್‌ರೂಟಿಗೆ ಗುಲಾಬಿ, ಅರಿಶಿನಕ್ಕೆ ಹಳದಿ. ನನಗೆ ಕೇಳಿದರೆ ಬುಟ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟರೆ ಮಾತ್ರ ತಿನ್ನಿಸಬೇಡಿ, ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆ ನಿಮಗೆ ಹೇಳಬೇಕಿಲ್ಲ. ಹೋಳಿ ಹಬ್ಬಕ್ಕೆ ತಂದು ಉಳಿದ ಬಣ್ಣ, ರಂಗೋಲಿ ಪುಡಿ ಮುಟ್ಟಲೇಬೇಡಿ. 2024ರ ಮಾರ್ಚ್‌ನಲ್ಲಿ ಸರ್ಕಾರ ಬೊಂಬಾಯಿ ಮಿಠಾಯಿಗೆ ಹಾಕುವ ಬಣ್ಣ ನಿಷೇಧಿಸಿದ್ದು ಸುಮ್ನೆ ಅಲ್ಲ, ಅದರಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು.

ಇನ್ನು ಅತ್ತೆಯ ಮಾರ್ಜಿಪಾನ್. ಇದರ ಮೇಲೆ ನನಗೆ ಸಿಟ್ಟಿಲ್ಲ, ನಾನೇ ಡಬ್ಬಿಗಟ್ಟಲೆ ತಿಂದವನು. ಯುರೋಪಿನವರು ಬಾದಾಮಿ ಹಾಕುತ್ತಾರೆ, ನಾವು ಕರಾವಳಿಯವರು ಗೇರುಬೀಜ ಅರೆದು ಮಾಡುತ್ತೇವೆ. ಎರಡು ಮಾತು ಅಷ್ಟೇ. ಕೆಲವರು ಮೊಟ್ಟೆಯ ಬಿಳಿಯನ್ನು ಹಸಿಯಾಗಿಯೇ ಕಲಸಿಬಿಡುತ್ತಾರೆ, ಅದು ಬೇಡ, ಒಲೆಯ ಮೇಲೆ ಕೈ ಬಿಡದೆ ಕದಡಿ ಮುದ್ದೆ ಕಟ್ಟಿರಬೇಕು. ಮಗಳು ಇದುವರೆಗೆ ಗೇರುಬೀಜ ತಿಂದಿಲ್ಲವಾದರೆ ಮೊದಲ ಸಲ ಹಬ್ಬಕ್ಕಿಂತ ಮೊದಲೇ, ಹಗಲು ಹೊತ್ತು, ಅವಳು ಹುಷಾರಾಗಿರುವ ದಿನ ಮನೆಯಲ್ಲಿ ಕಾಳಿನಷ್ಟು ಕೊಟ್ಟು ನೋಡಿ. ಶನಿವಾರ ರಾತ್ರಿ ಜಾಗರಣೆಯ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ಯಾರೋ ಬಾಯಿಗೆ ತುರುಕಿ, ಮುಖ ಊದಿಕೊಂಡು ಹನ್ನೆರಡು ಗಂಟೆಗೆ ನನ್ನ ಫೋನ್ ಹೊಡೆದುಕೊಳ್ಳುವುದು ಬೇಡ. ಪುಟ್ಟ ಮೊಟ್ಟೆಯ ಆಕಾರ ನೋಡಲು ಚಂದ, ತಿನ್ನಿಸುವಾಗ ಒತ್ತಿ ಚಪ್ಪಟೆ ಮಾಡಿ. ಇಡೀ ಗೇರುಬೀಜ, ನೆಲಗಡಲೆ 5 ವರ್ಷದವರೆಗೆ ಇಲ್ಲ. ನನ್ನ ಮಕ್ಕಳಿಗೆ ನಾನು 6ರವರೆಗೆ ಕೊಡಲಿಲ್ಲ, ಹೆಂಡತಿ ಇವತ್ತಿಗೂ ನಗುತ್ತಾಳೆ. ನಗಲಿ. ಎರಡು ವಾರ 'ದಮ್ಮು' ಅಂತ ಹಬೆ ಹಿಡಿಸಿಕೊಂಡು ಬಂದ ಮಗುವಿನ ಶ್ವಾಸಕೋಶದಿಂದ ನೆಲಗಡಲೆ ಚೂರು ತೆಗೆದದ್ದನ್ನು ನೋಡಿದವನು ನಾನು. ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ತಿನ್ನುವಾಗ ಒಮ್ಮೆ ಜೋರಾಗಿ ಕೆಮ್ಮು ಬಂದಿತ್ತು ಅನ್ನುವುದನ್ನು ತಾಯಿ ಹೇಳಿದರೂ ಅಲ್ಲಿಯವರೆಗೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಬರದಿದ್ದರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ ಎರಡು ಭುಜದ ನಡುವೆ ಅಂಗೈಯಿಂದ 5 ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತು, ಮತ್ತೆ ಬೆನ್ನಿಗೆ. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ನಡುವೆ ಒತ್ತಬೇಕು. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಾಡಬೇಡಿ. ಬಾಯೊಳಗೆ ಊದಿ 'ಸಿಕ್ಕಿದ್ದನ್ನು ತೆಗೆದೆ' ಅಂತ ಕೈಚಳಕ ತೋರಿಸಿ ದುಡ್ಡು ಕೇಳುವವರ ಮನೆಗೆ ಮಗುವನ್ನು ಹೊತ್ತುಕೊಂಡು ಹೋಗುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

ಪ್ಲಾಸ್ಟಿಕ್ ಮೊಟ್ಟೆ ಇಟ್ಟುಕೊಳ್ಳಿ, ಐಎಸ್‌ಐ ಗುರುತು ಇದ್ದರೆ. 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಒಳಗೆ ಸ್ಟಿಕ್ಕರ್ ಹಾಳೆ ಮಡಚಿ ಹಾಕಿ. ಬಲೂನ್ ಬೇಡ, ಒಡೆದ ರಬ್ಬರ್ ಚೂರು ಗಂಟಲಿಗೆ ಅಂಟಿದರೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿದ್ದೇವೆ. ಮಗನಿಗೆ 3 ವರ್ಷ. ಎಗ್ ಹಂಟ್‌ನಿಂದ ಬಂದ ದಿನ ಸಕ್ಕರೆ ತಲೆಗೇರಿ ರಾತ್ರಿಯವರೆಗೆ ಕುಣಿಯುತ್ತಾನೆ.

ಸಕ್ಕರೆ ತಲೆಗೇರುವುದಿಲ್ಲ. ಇದನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ 1995ರಲ್ಲೇ ಒಟ್ಟಿಗೆ ನೋಡಿ, ಮಕ್ಕಳ ನಡವಳಿಕೆ ಬದಲಾಗುವುದಿಲ್ಲ ಅಂತ ಹೇಳಿ ಆಗಿದೆ. ಅವನ ತಲೆಗೇರಿದ್ದು ಇಪ್ಪತ್ತು ಮಕ್ಕಳ ಗಲಾಟೆ ಮತ್ತು ತಪ್ಪಿದ ಮಧ್ಯಾಹ್ನದ ನಿದ್ದೆ. ಸಕ್ಕರೆ ಚಿಪ್ಪಿನ ಪುಟ್ಟ ಮೊಟ್ಟೆಗಳ ಪೊಟ್ಟಣದ ಹಿಂದೆ ನಿಮ್ಮಲ್ಲಿ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ, ಅದನ್ನು ಓದಿ.

ಚಾಕೊಲೇಟ್ ಬದಲು ಇಮ್ಯುನಿಟಿ ಗಮ್ಮಿ ಕೊಡಲಾ? ಇಲ್ಲ ಶುಗರ್‌ಫ್ರೀ?

ಗಮ್ಮಿ ವಿಟಮಿನ್ ಮಾತ್ರೆ, ಮಿಠಾಯಿ ಅಲ್ಲ, ಡಬ್ಬಿ ಕೈಗೆ ಸಿಕ್ಕರೆ ಮಗು ಪೂರ್ತಿ ತಿನ್ನುತ್ತದೆ. ಶುಗರ್‌ಫ್ರೀಯಲ್ಲಿ ಹೊಟ್ಟೆ ಸಡಿಲ ಮಾಡುವ ಮಾಲ್ಟಿಟಾಲ್ ಅನ್ನುವ ಬದಲಿ ಸಿಹಿ ಇದ್ದರೆ ಸೋಮವಾರ ಇಡೀ ದಿನ ಚಡ್ಡಿ ತೊಳೆಯುತ್ತೀರಿ.

ಸಂತೆಯಲ್ಲಿ ಬಣ್ಣ ಹಾಕಿದ ಕೋಳಿಮರಿ ಸಿಗುತ್ತವೆ. ಮಗನಿಗೆ 4 ವರ್ಷ, ಈಸ್ಟರ್‌ಗೆ ಎರಡು ಕೊಡಿಸಲಾ?

ಬೇಡ. ಮರಿಗಳ ಮೈಮೇಲೆ ಭೇದಿ ತರಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ, 5 ವರ್ಷದ ಒಳಗಿನ ಮಕ್ಕಳು ಅವನ್ನು ಮುದ್ದು ಮಾಡಿ ಅದೇ ಕೈ ಬಾಯಿಗಿಡುತ್ತಾರೆ. ಆ ಮರಿಗಳೂ ಹೆಚ್ಚು ದಿನ ಬದುಕುವುದಿಲ್ಲ, ಹಬ್ಬದ ವಾರ ಹಿತ್ತಲಲ್ಲಿ ಗುಂಡಿ ತೋಡುವುದನ್ನು ಅವನಿಗೆ ಯಾಕೆ ತೋರಿಸುತ್ತೀರಿ? ಒಡೆದ ಮೊಟ್ಟೆ ಚಿಪ್ಪು ಬಿಸಿನೀರಲ್ಲಿ ತೊಳೆದು, ಮಣ್ಣು ತುಂಬಿ, ಮೆಂತ್ಯ ಚೆಲ್ಲಿ ಕೊಡಿ. ನಾಲ್ಕೈದು ದಿನದಲ್ಲಿ ಹಸಿರು ಕೂದಲು ಬರುತ್ತದೆ. ಬಿತ್ತುವುದು ಮಾತ್ರ ನೀವೇ, ಅವನ ಕೈಗೆ ಕಾಳು ಕೊಟ್ಟರೆ ಒಂದಾದರೂ ಮೂಗಿಗೆ ಹೋಗುತ್ತದೆ.